ನಾಲ್ಕು ಕೋರ್ ಪೆಂಟಿಯಂ ಎನ್3710 ತಗೊಳ್ಳಲಾ, ಎರಡು ಕೋರ್ ಐ3-5005ಯು ತಗೊಳ್ಳಲಾ? ತಂಗಿಗೆ ಹಳೇ ಲ್ಯಾಪ್‌ಟಾಪ್

ಅಡಿಕೆ_ಹುಡುಗ

ಎಲ್ಲರಿಗೂ ನಮಸ್ಕಾರ. ತಂಗಿ ಬಿಸಿಎ ಸೇರಿದ್ದಾಳೆ. ಅವಳಿಗೊಂದು ಲ್ಯಾಪ್‌ಟಾಪ್ ಬೇಕು. ಈ ಮಳೆಗಾಲ ಕೊಳೆ ರೋಗಕ್ಕೆ ನಮ್ಮ ಅರ್ಧ ಅಡಿಕೆ ಫಸಲು ಉದುರಿ ಹೋಯಿತು, ಹಾಗಾಗಿ ಹೊಸದರ ಮಾತೇ ಇಲ್ಲ. ಪೇಟೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡು ನೋಡಿ ಬಂದೆ.

ಮೊದಲನೆಯದು ಪೆಂಟಿಯಂ ಎನ್3710 ಪ್ರೊಸೆಸರ್‌ನದ್ದು, 8,000 ರೂಪಾಯಿ. ಎರಡನೆಯದು ಕೋರ್ ಐ3-5005ಯು, 9,500. ಎರಡರಲ್ಲೂ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 15.6 ಇಂಚು ಸ್ಕ್ರೀನ್.

ಅಂಗಡಿಯವರು ಹೇಳಿದ್ದು ಹೀಗೆ: "ಇದು ನಾಲ್ಕು ಕೋರ್, 2.56 ಗಿಗಾಹರ್ಟ್ಸ್. ಅದು ಎರಡೇ ಕೋರ್, 2 ಗಿಗಾಹರ್ಟ್ಸ್. ಇದು 2016ರ ಚಿಪ್, ಅದು 2015ರದ್ದು. ದುಡ್ಡೂ ಕಮ್ಮಿ. ಇನ್ನೇನು ಯೋಚನೆ?"

ಕೋರ್ ಅಂದರೆ ಚಿಪ್ ಒಳಗೆ ದುಡಿಯುವ ಕೈ, ಗಿಗಾಹರ್ಟ್ಸ್ ಅಂದರೆ ಅದರ ಬಡಿತದ ವೇಗ ಅಂತ ಗೊತ್ತು. ಲೆಕ್ಕ ನೋಡಿದರೆ ಸರಿಯಾಗೇ ಇದೆ. ಆದರೆ ಅಷ್ಟು ಒಳ್ಳೆಯದಾದರೆ ಅದರ ಬೆಲೆ ಯಾಕೆ ಕಮ್ಮಿ ಅನ್ನೋದು ಮಾತ್ರ ನನಗೆ ಹೊಳೆಯುತ್ತಿಲ್ಲ.

ಗಣಿಧೂಳು

ಐ3 ತಗೊಳ್ಳಿ. ಮುಗೀತು.

ಅಡಿಕೆ_ಹುಡುಗ

ಸರ್, ಯಾಕೆ ಅಂತ ಒಂದು ಮಾತು ಹೇಳಿದರೆ ನಾನೂ ಅಂಗಡಿಯವರ ಹತ್ತಿರ ಬಾಯಿ ಬಿಡಬಹುದು.

ಟರ್ಬೋ_ತಿಮ್ಮ

ಗಣಿಧೂಳು ಅಣ್ಣ ಯಾವತ್ತೂ ಐ3 ಅಂತಲೇ ಹೇಳೋದು. ನಾನು ಉಲ್ಟಾ ಹೇಳುತ್ತೇನೆ. 5005ಯು ಚಿಪ್‌ನಲ್ಲಿ ಟರ್ಬೋನೇ (ಬೇಕಾದಾಗ ಬಡಿತ ಏರಿಸಿಕೊಳ್ಳೋದು) ಇಲ್ಲ. 2 ಅಂದರೆ 2, ಅದರ ಮೇಲೆ ಒಂದಿಂಚೂ ಹೋಗಲ್ಲ. ಎನ್3710 ಮಾಮೂಲಿ ವೇಗ (ಬೇಸ್) 1.6 ಆದರೂ 2.56ಕ್ಕೆ ಹಾರುತ್ತದೆ. ಅಲ್ಲಿಗೇ 28 ಪರ್ಸೆಂಟ್ ಜಾಸ್ತಿ. ಮೇಲಿಂದ ನಾಲ್ಕೂ ನಿಜವಾದ ಕೋರ್. ಐ3ದು ಎರಡು ಕೋರ್, ಉಳಿದೆರಡು ಹೈಪರ್‌ಥ್ರೆಡಿಂಗ್ ಅನ್ನೋ ನೆರಳು, ಅಂದರೆ ಒಂದೇ ಕೋರ್ ಎರಡರ ಹಾಗೆ ಕಾಣೋದು. ಕರೆಂಟ್ ನೋಡಿದರೆ ಇದು 6 ವ್ಯಾಟ್, ಅದು 15 ವ್ಯಾಟ್. ಕಾಲೇಜು ಹುಡುಗಿಗೆ ಬ್ಯಾಟರಿ ಬರೋದು ಮುಖ್ಯ ಅಲ್ವಾ?

ಚಿಕ್ಕಪೇಟೆ_ಚಿಪ್

ತಿಮ್ಮಣ್ಣ ಕೊಟ್ಟ ಅಂಕಿ ಒಂದೂ ತಪ್ಪಿಲ್ಲ. ಆದರೂ ತೀರ್ಪು ತಪ್ಪು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎನ್3710 ಬಂದ ಪೀಳಿಗೆಯ ಹೆಸರು ಬ್ರಾಸ್‌ವೆಲ್. 5005ಯು ಬಂದದ್ದು ಬ್ರಾಡ್‌ವೆಲ್. ಕೇಳಿದರೆ ಅಣ್ಣತಮ್ಮ ಅನ್ನಿಸುತ್ತದೆ. ಎರಡೂ ಇಂಟೆಲ್‌ನ 14 ನ್ಯಾನೋಮೀಟರ್ ತಯಾರಿಕೆಯ ಕೂಸುಗಳೇ. ಆದರೆ ಮನೆತನ ಬೇರೆ. ಬ್ರಾಸ್‌ವೆಲ್ ಒಳಗಿರುವ ಕೋರ್‌ಗೆ ಏರ್‌ಮಾಂಟ್ ಅನ್ನುತ್ತಾರೆ. ಅದು ಆಟಮ್ ವಂಶದ್ದು. 2008ರ ಸುಮಾರಿಗೆ ಪುಟ್ಟ ನೆಟ್‌ಬುಕ್‌ಗಳು ಬಂದಿದ್ದವಲ್ಲ, ಅದೇ ಆಟಮ್. ಬ್ರಾಡ್‌ವೆಲ್ "ಕೋರ್" ಅನ್ನೋ ಬ್ರ್ಯಾಂಡ್‌ನ ವಂಶದ್ದು, ಆ ಪೀಳಿಗೆಯ ಐ5 ಐ7ಗಳ ಒಳಗೂ ಅದೇ ಕೋರ್.

ವ್ಯತ್ಯಾಸ ಇರುವುದು ಒಂದು ಬಡಿತಕ್ಕೆ ಎಷ್ಟು ಕೆಲಸ ಆಗುತ್ತದೆ ಅನ್ನೋದರಲ್ಲಿ. ಏರ್‌ಮಾಂಟ್ ಒಂದು ಸಲಕ್ಕೆ ಎರಡು ಇನ್‌ಸ್ಟ್ರಕ್ಷನ್ (ಚಿಪ್‌ಗೆ ಕೊಡುವ ಆಜ್ಞೆ) ಬಿಡಿಸಿ ಒಳಗೆ ಬಿಡುತ್ತದೆ. ಬ್ರಾಡ್‌ವೆಲ್ ನಾಲ್ಕು. ಜೊತೆಗೆ ಬ್ರಾಡ್‌ವೆಲ್‌ಗೆ ಮುಂದೆ ಬರೋ ಕೆಲಸವನ್ನು ಸಾಲಾಗಿ ಇಟ್ಟುಕೊಂಡು, ಯಾವುದು ಈಗ ಆಗುತ್ತದೋ ಅದನ್ನು ಎತ್ತಿಕೊಳ್ಳುವ ಜಾಗ ತುಂಬಾ ದೊಡ್ಡದು. ಹಾಗಾಗಿ ಗಿಗಾಹರ್ಟ್ಸ್ ಅಂದರೆ ಬಡಿತ ಮಾತ್ರ. ಪ್ರತಿ ಬಡಿತಕ್ಕೆ ಏನು ಹೊರಬಂತು ಅಂತ ಅದು ಹೇಳಲ್ಲ.

ಇನ್ನು ಆ 2.56. ಅದು ಗರಿಷ್ಠ ಮಿತಿ, ಸ್ವಲ್ಪ ಹೊತ್ತಿಗೆ. ನಾಲ್ಕೂ ಕೋರ್ ಒಟ್ಟಿಗೆ ದುಡಿಯಲು ಶುರು ಮಾಡಿದರೆ 6 ವ್ಯಾಟ್ ಒಳಗೆ ಬದುಕಬೇಕು, ಆಗ ಕೆಳಗಿಳಿಯುತ್ತದೆ. 5005ಯು ಟರ್ಬೋ ಇಲ್ಲದಿದ್ದರೂ ಬಿಸಿ ಹತೋಟಿಯಲ್ಲಿದ್ದರೆ ಆ 2.0 ಅನ್ನು ದಿನವಿಡೀ ಹಿಡಿದಿರುತ್ತದೆ.

ಅಡಿಕೆ_ಹುಡುಗ

ಹೀಗೆ ಅರ್ಥ ಮಾಡಿಕೊಳ್ಳಬಹುದಾ ನೋಡಿ. ಅಡಿಕೆ ಸುಲಿಯೋಕೆ ನಾಲ್ಕು ಜನ ಹೊಸಬರನ್ನು ಮೆಟ್ಟುಗತ್ತಿ ಮುಂದೆ ಕೂರಿಸಿದೆ. ಕೈ ಪಟಪಟ ಆಡುತ್ತದೆ, ಆದರೆ ಒಂದು ಕಾಯಿಗೆ ನಾಲ್ಕು ಏಟು. ಆಚೆ ಕಡೆ ನುರಿತ ಇಬ್ಬರು ಹೆಂಗಸರು. ನೋಡೋಕೆ ನಿಧಾನ, ಒಂದೇ ಏಟಿಗೆ ಸಿಪ್ಪೆ ಎದ್ದು ಬರುತ್ತದೆ. ಸಂಜೆ ಡಬ್ಬ ಲೆಕ್ಕ ಹಾಕಿದರೆ ಅವರದ್ದೇ ಜಾಸ್ತಿ.

ಚಿಕ್ಕಪೇಟೆ_ಚಿಪ್

ಆಹಾ, ಇನ್ನು ಮುಂದೆ ನಾನೂ ಹೀಗೇ ಹೇಳುತ್ತೇನೆ. ಒಂದೇ ಒಂದು ಸೇರಿಸಿ. ಮನೆಯಲ್ಲಿ ಒಂದೇ ಮೆಟ್ಟುಗತ್ತಿ ಇದೆ ಅಂದುಕೊಳ್ಳಿ. ಆಗ ನಾಲ್ಕು ಜನ ಇದ್ದರೂ ಮೂವರು ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾರೆ. ನಮ್ಮ ದಿನದ ಕೆಲಸ ಬಹಳಷ್ಟು ಹೀಗೇ. ವೆಬ್ ಪುಟದ ಜಾವಾಸ್ಕ್ರಿಪ್ಟ್ ಬಹುಪಾಲು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಕೆಲಸದ ಸಾಲಿನಲ್ಲಿ, ಓಡುತ್ತದೆ. ಒಂದು ಬಟನ್ ಒತ್ತಿ ಪುಟ ಬರೋವರೆಗೂ ಕಾಯೋದಿದೆಯಲ್ಲ, ಅಲ್ಲಿ ಒಂದು ಕೋರ್ ಎಷ್ಟು ಚುರುಕು ಅನ್ನೋದೇ ಲೆಕ್ಕ.

ಎಕ್ಸ್86_ಅಜ್ಜ

ಗಿಗಾಹರ್ಟ್ಸ್ ನೋಡಿ ಮೋಸ ಹೋಗೋದು ಇವತ್ತಿನದಲ್ಲ ಮಕ್ಕಳೇ. 2003ರಲ್ಲಿ ಪೆಂಟಿಯಂ ಎಂ ಅಂತ ಬಂತು. 1.6 ಗಿಗಾಹರ್ಟ್ಸ್ ಅಷ್ಟೇ. ಆಗ ಪೆಂಟಿಯಂ 4 ಲ್ಯಾಪ್‌ಟಾಪ್‌ಗಳು 2 ದಾಟಿದ್ದವು. ಜನ ಹೊಸದನ್ನು ನೋಡಿ ಮೂಗು ಮುರಿದರು. ಕೆಲಸಕ್ಕೆ ಇಳಿಸಿದಾಗ ಆ 1.6ದು ತನಗಿಂತ ಎಷ್ಟೋ ಮೇಲಿನ ಬಡಿತದ ಪೆಂಟಿಯಂ 4ಗೆ ಸಮ ನಿಂತಿತು, ಬ್ಯಾಟರಿಯೂ ಜಾಸ್ತಿ ಬಂತು. ಆ ಪೆಂಟಿಯಂ ಎಂ ದಾರಿಯಲ್ಲೇ ಮುಂದೆ ಕೋರ್ ವಂಶ ಬೆಳೆದದ್ದು.

ಪೆಂಟಿಯಂ ಅನ್ನೋ ಹೆಸರಿನ ಕಥೆಯೂ ಅಷ್ಟೇ. 1993ರಲ್ಲಿ ಅದು ಎಲ್ಲಕ್ಕಿಂತ ಮೇಲಿನದು. ನಮ್ಮ ಕಡೆ "ಪೆಂಟಿಯಂ ಇದೆ" ಅಂದರೆ ಕಾರು ಇದೆ ಅಂದ ಹಾಗೆ. ಆಮೇಲೆ ಕೋರ್ ಬಂದ ಮೇಲೆ ಅದು ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಅದರಲ್ಲೂ ಎರಡು ಜಾತಿ. ಪೆಂಟಿಯಂ 3825ಯು, 4405ಯು ಅಂತ ಕೊನೆಗೆ ಯು ಇದ್ದರೆ ಒಳಗಿರೋದು ಕೋರ್ ವಂಶ. ಎನ್3700, ಎನ್3710 ಅಂತ ಮುಂದೆ ಎನ್ ಇದ್ದರೆ ಆಟಮ್ ವಂಶ. ಮೇಲಿನ ಸ್ಟಿಕರ್‌ನಲ್ಲಿ ಬರೀ ಪೆಂಟಿಯಂ ಅಂತ ಇರುತ್ತದೆ. ಈಗಂತೂ ಆ ಹೆಸರನ್ನೇ ಇಂಟೆಲ್ ಬಿಟ್ಟಿದೆ. ಲ್ಯಾಪ್‌ಟಾಪ್‌ಗಳಲ್ಲಿ 2023ರಿಂದ ಪೆಂಟಿಯಂ, ಸೆಲೆರಾನ್ ಎರಡೂ ಹೋಗಿ ಬರೀ ಇಂಟೆಲ್ ಪ್ರೊಸೆಸರ್ ಆಗಿದೆ.

ಟರ್ಬೋ_ತಿಮ್ಮ

ಸರಿ ಸರಿ, ಸ್ಪೀಡಿನ ಮಾತು ಬಿಟ್ಟೆ. ಬ್ಯಾಟರಿ? 6 ಎಲ್ಲಿ, 15 ಎಲ್ಲಿ!

ಗಣಿಧೂಳು

ತಿಮ್ಮಾ, ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಬಾಳಿಕೆ ಚಿಪ್ ಮೇಲೆ ನಿಂತಿಲ್ಲಪ್ಪ, ಬ್ಯಾಟರಿ ಮೇಲೆ ನಿಂತಿದೆ. ಹತ್ತು ವರ್ಷದ ಬ್ಯಾಟರಿ ಅರ್ಧ ಗಂಟೆ ಬಂದರೆ ದೊಡ್ಡದು. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆದು ನೋಡಬೇಕು. ಡಿಸೈನ್ ಕೆಪಾಸಿಟಿ ಇಷ್ಟು, ಫುಲ್ ಚಾರ್ಜ್ ಕೆಪಾಸಿಟಿ ಇಷ್ಟು ಅಂತ ತೋರಿಸುತ್ತದೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ದುಡ್ಡನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು.

ಚಿಕ್ಕಪೇಟೆ_ಚಿಪ್

ಜೊತೆಗೆ ಒಂದು ಮಾತು. ಈ 6, 15 ವ್ಯಾಟ್ ಅನ್ನೋ ಟಿಡಿಪಿ ಅಂದರೆ ಕರೆಂಟ್ ಬಿಲ್ ಅಲ್ಲ. ಚಿಪ್ ಪೂರ್ತಿ ದುಡಿಯುವಾಗ ಎಷ್ಟು ಶಾಖ ಹೊರಹಾಕಬೇಕಾದೀತು, ಅದಕ್ಕೆ ತಕ್ಕ ಕೂಲಿಂಗ್ ಇಡಿ ಅಂತ ಲ್ಯಾಪ್‌ಟಾಪ್ ಮಾಡುವವರಿಗೆ ಹೇಳುವ ಅಳತೆ. ಪಿಡಿಎಫ್ ಓದುತ್ತಾ ಕೂತಾಗ 5005ಯು ಏನೂ 15 ವ್ಯಾಟ್ ತಿನ್ನಲ್ಲ. ಆಗ ಎರಡೂ ಚಿಪ್ ಹೆಚ್ಚುಕಮ್ಮಿ ನಿದ್ದೆಯಲ್ಲೇ ಇರುತ್ತವೆ, ಸ್ಕ್ರೀನ್ ಒಂದೇ ಅವೆರಡಕ್ಕಿಂತ ಜಾಸ್ತಿ ಎಳೆಯುತ್ತದೆ. ಕೆಲಸ ಬಂದಾಗ ಐ3 ಜಾಸ್ತಿ ಎಳೆಯುತ್ತದೆ ನಿಜ, ಆದರೆ ಬೇಗ ಮುಗಿಸಿ ಮತ್ತೆ ಮಲಗುತ್ತದೆ. ಗಂಟೆಗಟ್ಟಲೆ ಒಂದೇ ಸಮ ದುಡಿಸಿದರೆ ಮಾತ್ರ 6 ಮತ್ತು 15ರ ಅಂತರ ಬ್ಯಾಟರಿಯಲ್ಲಿ ಕಾಣೋದು.

ತೆಂಕುತಿಟ್ಟು

ಎಂತ ಮಾರಾಯ್ರೆ, ಎಲ್ಲ ಸೇರಿ ಎನ್3710 ಅನ್ನು ಹೊಡೆದು ಹಾಕುತ್ತಿದ್ದೀರಿ. ನನ್ನ ಹತ್ತಿರ ಅದೇ ಇದೆ. ಆರು ವರ್ಷ ಆಯ್ತು, ಇನ್ನೂ ಓಡುತ್ತಿದೆ. ಅದರ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ.

ನನ್ನದರಲ್ಲಿ ಫ್ಯಾನೇ ಇಲ್ಲ. 6 ವ್ಯಾಟ್ ಆದ್ದರಿಂದ ಒಂದು ಲೋಹದ ತಗಡು ಸಾಕು. (ಇದೇ ಚಿಪ್ ಇರುವ ಎಲ್ಲದರಲ್ಲೂ ಹೀಗೇ ಅಂತಲ್ಲ, ಕೆಲವದರಲ್ಲಿ ಫ್ಯಾನ್ ಇರುತ್ತದೆ. ತೆಗೆದುಕೊಳ್ಳುವಾಗ ಕಿವಿ ಇಟ್ಟು ಕೇಳಿ.) ಫ್ಯಾನ್ ಇಲ್ಲದ್ದರ ಬೆಲೆ ನನಗೆ ಗೊತ್ತಾದದ್ದು ಅಜ್ಜಿಯ ಸೋಬಾನೆ ರೆಕಾರ್ಡ್ ಮಾಡುವಾಗ. ಮೊದಲು ಅಣ್ಣನ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಅಜ್ಜಿ ಒಂದು ಸಾಲು ಹೇಳಿ ಉಸಿರು ತೆಗೆದುಕೊಳ್ಳುವ ಆ ಖಾಲಿ ಜಾಗದಲ್ಲಿ ಫ್ಯಾನ್ ಗುಂಯ್ ಅಂತ ಕೇಳುತ್ತಿತ್ತು. ನನ್ನದನ್ನು ಇಟ್ಟ ಮೇಲೆ ಆ ಜಾಗದಲ್ಲಿ ಹೊರಗಿನ ಗುಬ್ಬಿ ಕೇಳುತ್ತದೆ. ಒಂದು ಮೈಕ್, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್, ಒಂದೇ ಟ್ರ್ಯಾಕ್. ಇದಕ್ಕೆ ಎನ್3710 ಧಾರಾಳ.

ಇನ್ನೊಂದು. ಎಚ್.265 ಅನ್ನೋ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ, 8 ಬಿಟ್‌ನದ್ದು, ಇದರಲ್ಲಿ ಹಾರ್ಡ್‌ವೇರ್‌ನಲ್ಲೇ (ಅದಕ್ಕೆಂದೇ ಇರುವ ಭಾಗದಲ್ಲಿ) ಬಿಡಿಸಿಕೊಳ್ಳುತ್ತದೆ. ನಿಮ್ಮ 5005ಯು ದೊಡ್ಡಣ್ಣನಿಗೆ ಅದು ಪೂರ್ತಿ ಹಾರ್ಡ್‌ವೇರ್‌ನಲ್ಲಿ ಇಲ್ಲ.

ಚಿಕ್ಕಪೇಟೆ_ಚಿಪ್

ತೆಂಕು ಅವರೇ, ಆ ಎಚ್.265 ಮಾತು ನಿಜ. ವಿಡಿಯೋ ಮಟ್ಟಿಗೆ ಪೆಂಟಿಯಂ ಒಂದು ಹೆಜ್ಜೆ ಮುಂದೆ. ಆದರೆ ಯೂಟ್ಯೂಬ್ ಜಾಸ್ತಿ ಕಳಿಸೋದು ವಿಪಿ9, ಈಗೀಗ ಎವಿ1 ಅನ್ನೋ ಬಗೆಗಳು. ನಮ್ಮ ಎರಡು ಚಿಪ್‌ನಲ್ಲಿ ಯಾವುದೂ ಅವನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲಿ ಮಾಡಲ್ಲ, ಕೋರ್‌ಗಳ ಮೇಲೆ ಭಾರ ಬೀಳುತ್ತದೆ. ಐ3 ಹೇಗೋ ಹೊತ್ತುಕೊಳ್ಳುತ್ತದೆ. ಪೆಂಟಿಯಂ 1080ಪಿಯಲ್ಲಿ ಏದುಸಿರು ಬಿಡುತ್ತದೆ. ಅದಕ್ಕೆ ಮದ್ದು ಇದೆ. ಎಚ್264ಇಫೈ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೇ ಎಚ್.264 ಕಳಿಸುತ್ತದೆ. ಅದನ್ನು ಎರಡೂ ಚಿಪ್ ಆರಾಮಾಗಿ ಆಡಿಸುತ್ತವೆ.

ತೆಂಕುತಿಟ್ಟು

ಅದನ್ನು ನಾನು ಮೂರು ವರ್ಷದ ಹಿಂದೆಯೇ ಹಾಕಿಕೊಂಡಿದ್ದೇನೆ. ಇಲ್ಲದಿದ್ದರೆ ಚೆಂಡೆ ಒಂದು ಕಡೆ, ಕುಣಿತ ಇನ್ನೊಂದು ಕಡೆ.

ಜವಾರಿ_ಜಾವಾ

ನಾನು ಬಿಸಿಎ ಹುಡುಗರಿಗೆ ಪಾಠ ಮಾಡುವವ, ಧಾರವಾಡ ಕಡೆ. ನಿಮ್ಮ ತಂಗಿ ಬಿಸಿಎ ಅಂದಿದ್ದೀರಿ, ಅದಕ್ಕ ಬರೆಯುತ್ತಿದ್ದೇನೆ ನೋಡ್ರಿ. ಇಲ್ಲಿಯವರೆಗೆ ಯಾರೂ ಹೇಳದ ಒಂದು ಮಾತು ಐತಿ.

ಐ3-5005ಯುನಲ್ಲಿ ಎವಿಎಕ್ಸ್, ಎವಿಎಕ್ಸ್2 ಅನ್ನುವ ಇನ್‌ಸ್ಟ್ರಕ್ಷನ್‌ಗಳು (ಒಂದೇ ಸಲಕ್ಕೆ ಹಲವು ಅಂಕಿ ಲೆಕ್ಕ ಮಾಡುವಂಥವು) ಇವೆ. ಎನ್3710ನಲ್ಲಿ ಇಲ್ಲ, ಅದಕ್ಕಿಂತ ಹಳೇ ಎಸ್‌ಎಸ್‌ಇ 4.2ಕ್ಕೇ ನಿಲ್ಲುತ್ತದೆ. ಇದು ನಿಧಾನ, ಬೇಗದ ಪ್ರಶ್ನೆ ಅಲ್ರಿ. ಕೆಲವು ಸಾಫ್ಟ್‌ವೇರ್ ಓಡೋದೇ ಇಲ್ಲ.

ಕಳೆದ ವರ್ಷ ಲ್ಯಾಬ್‌ನಲ್ಲಿ ಒಬ್ಬ ಹುಡುಗ ತನ್ನ ಲ್ಯಾಪ್‌ಟಾಪ್ ತಂದ. ಮಿನಿ ಪ್ರಾಜೆಕ್ಟ್‌ಗೆ ಮೊಂಗೋಡಿಬಿ ಅನ್ನುವ ಡೇಟಾಬೇಸ್ ಬೇಕು. ಇನ್‌ಸ್ಟಾಲ್ ಆಯಿತು, ಶುರು ಮಾಡಿದರೆ ತಕ್ಷಣ ಸಾಯುತ್ತದೆ. ಮತ್ತೆ ತೆಗೆದು ಹಾಕಿದ, ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದ, ಅಲ್ಲೂ ಅದೇ. "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಒಂದು ಸಾಲು ಬಂದು ನಿಂತುಬಿಡುತ್ತದೆ. ಪಾಪ, ಹುಡುಗ ಅದನ್ನು ಓದಿ "ಸರ್, ನಾನೇನು ಪೈರೇಟೆಡ್ ಹಾಕಿಲ್ರಿ" ಅಂದ. ಎರಡು ದಿನ ಹೋಯಿತು. ಆಮೇಲೆ ನಾನು ಪ್ರೊಸೆಸರ್ ಹೆಸರು ನೋಡಿದೆ, ಇದೇ ಎನ್ ಮಾಲೆಯ ಚಿಪ್. ಮೊಂಗೋಡಿಬಿ 5.0ರಿಂದ ಈಚೆಗೆ ಎವಿಎಕ್ಸ್ ಇಲ್ಲದ ಇಂಟೆಲ್ ಚಿಪ್ ಮೇಲೆ ಓಡಲ್ಲ. 4.4 ಹಾಕಿಸಿದೆ, ಕೆಲಸ ನಡೆಯಿತು. ಮಷಿನ್ ಲರ್ನಿಂಗ್‌ನ ಟೆನ್ಸರ್‌ಫ್ಲೋ ಕಥೆಯೂ ಇದೇ, 1.6ರಿಂದ ಮೇಲಿನ ಅವರ ಸಿದ್ಧ ಪ್ಯಾಕೇಜ್‌ಗೆ ಎವಿಎಕ್ಸ್ ಬೇಕೇ ಬೇಕು.

ಮೊದಲ ವರ್ಷ ಸಿ, ಪೈಥಾನ್, ಮೈಎಸ್‌ಕ್ಯುಎಲ್. ಇದಕ್ಕೆ ಯಾವುದಾದರೂ ನಡೆದೀತು. ಮೂರನೇ ವರ್ಷದ ಪ್ರಾಜೆಕ್ಟ್ ಬಂದಾಗ ಗೊತ್ತಾಗುವುದು. 1,500 ರೂಪಾಯಿ ಸಲುವಾಗಿ ಆ ಕಷ್ಟ ಯಾಕ ಬೇಕ್ರಿ?

ಟರ್ಬೋ_ತಿಮ್ಮ

ಇದು ಗೊತ್ತಿರಲಿಲ್ಲ ಸರ್. ನಾನು ಪೆಂಟಿಯಂ ಪಕ್ಷ ಬಿಟ್ಟೆ.

ಗಣಿಧೂಳು

ನಾನು ಎರಡೇ ಪದದಲ್ಲಿ ಹೇಳಿದ್ದೆ.

ಮೈಸೂರ್‌ಪಾಕ್_ಲಿನಕ್ಸ್

ಆಪರೇಟಿಂಗ್ ಸಿಸ್ಟಮ್ ಬಗ್ಗೆ ಯಾರೂ ಮಾತಾಡಿಲ್ಲವಲ್ಲ, ನಾನೇ ಶುರು ಮಾಡುತ್ತೇನೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್ ಮಟ್ಟಿಗೆ ಹೆಚ್ಚುಕಮ್ಮಿ 8ನೇ ಪೀಳಿಗೆಯಿಂದ ಶುರು. ನಿಮ್ಮ ಐ3 5ನೇದು. ಅಂದರೆ ಎರಡೂ ಪಟ್ಟಿಯ ಹೊರಗೇ. ಅಂಗಡಿಯವರು "ವಿಂಡೋಸ್ 11 ಹಾಕಿ ಕೊಡುತ್ತೇನೆ" ಅಂದರೆ ಅಡ್ಡದಾರಿಯಲ್ಲಿ ಹಾಕಿದ್ದು ಅಂತ ಅರ್ಥ. ಓಡುತ್ತದೆ, ಆದರೆ ಮುಂದಿನ ದೊಡ್ಡ ಅಪ್‌ಡೇಟ್‌ಗೆ ಮತ್ತೆ ಅಂಗಡಿಗೆ ಹೋಗಬೇಕಾದೀತು.

ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಅದರ ಹಗುರವಾದ ಎಕ್ಸ್‌ಎಫ್‌ಸಿಇ ರೂಪ ಹಾಕಿಕೊಳ್ಳಿ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಬಿಸಿಎಗೆ ಬೇಕಾದ ಎಲ್ಲ ಸಿಗುತ್ತದೆ. ಬರೀ ಬ್ರೌಸರ್ ಸಾಕು ಅನ್ನುವವರಾದರೆ ಕ್ರೋಮ್ ಓಎಸ್ ಫ್ಲೆಕ್ಸ್ ಇದೆ.

ಅಡಿಕೆ_ಹುಡುಗ

ಅಕ್ಕ, ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಹೇಗೆ? ಅಪ್ಪ ಸೊಸೈಟಿಯ ಪತ್ರ ಅದೂ ಇದೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಲ್ಯಾಪ್‌ಟಾಪ್ ತಂಗಿಯದು ಅಂತ ಹೆಸರಿಗೆ, ರಜೆಯಲ್ಲಿ ಅಪ್ಪನ ಕೈಗೂ ಹೋಗುತ್ತದೆ.

ಮೈಸೂರ್‌ಪಾಕ್_ಲಿನಕ್ಸ್

ಅಪ್ಪನ ಬೆರಳಿಗೆ ಕೀ ಜಾಗ ಕಲಿತಿದೆ ಅಲ್ವಾ, ಅದನ್ನು ಬದಲಿಸೋದು ಬೇಡ. ಐಬಸ್ ಅನ್ನೋ ಲಿನಕ್ಸ್‌ನ ಟೈಪಿಂಗ್ ಸಾಧನದಲ್ಲಿ ಎಂ17ಎನ್ ಸೇರಿಸಿದರೆ ನುಡಿಯದೇ ಕೀ ಜೋಡಣೆ, ಅಂದರೆ ಕನ್ನಡ ಕೆಜಿಪಿ ವಿನ್ಯಾಸ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಹಳೇ ಫೈಲ್‌ಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಇದ್ದರೆ ಮಾತ್ರ ಒಮ್ಮೆ ಪರಿವರ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಕಾಣುತ್ತದೆ. ಅಪ್ಪ ಹೆದರುತ್ತಾರೆ. ಮೊದಲೇ ಹೇಳಿಡಿ.

ಎಕ್ಸ್86_ಅಜ್ಜ

ಒತ್ತಕ್ಷರ ಸರಿಯಾಗಿ ಬರುತ್ತದಾ ಲಿನಕ್ಸ್‌ನಲ್ಲಿ? ಹಿಂದೆ ನಾನು ನೋಡಿದಾಗ "ಕ್ಷ" ಬರೆದರೆ ಕ ಒಂದು ಕಡೆ, ಷ ಇನ್ನೊಂದು ಕಡೆ ನಿಂತಿತ್ತು.

ಮೈಸೂರ್‌ಪಾಕ್_ಲಿನಕ್ಸ್

ಅಜ್ಜಾ, ಆ ಕಾಲ ಹೋಯಿತು. ಈಗ ಲೋಹಿತ್, ನೋಟೋ ಫಾಂಟ್ ಎರಡರಲ್ಲೂ ಚೆನ್ನಾಗಿಯೇ ಬರುತ್ತದೆ.

ಚಿಕ್ಕಪೇಟೆ_ಚಿಪ್

ಮತ್ತೆ ಚಿಪ್‌ಗೆ ಬರೋಣ. ಅಡಿಕೆಯವರೇ, ನಮ್ಮ ಮಾತು ನಂಬೋದು ಬೇಡ, ನೀವೇ ಅಳೆಯಿರಿ. ಪೆನ್ ಡ್ರೈವ್‌ನಲ್ಲಿ 7-ಜಿಪ್ ಅನ್ನೋ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್ ತೆಗೆದುಕೊಂಡು ಹೋಗಿ. ಅದರ ಟೂಲ್ಸ್ ಒಳಗೆ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಅಂತ ಇದೆ. ಮೊದಲು ಥ್ರೆಡ್ ಸಂಖ್ಯೆ 1 ಅಂತ ಕೊಟ್ಟು ಓಡಿಸಿ, ಕೊನೆಗೆ ಬರೋ ರೇಟಿಂಗ್ ಬರೆದುಕೊಳ್ಳಿ. ಆಮೇಲೆ 4 ಕೊಡಿ. ಎರಡೂ ಲ್ಯಾಪ್‌ಟಾಪ್‌ನಲ್ಲಿ ಇದನ್ನೇ ಮಾಡಿ. ಚಾರ್ಜರ್ ಹಾಕಿರಲಿ. ಹಾರ್ಡ್ ಡಿಸ್ಕ್ ನಿಧಾನ ಇದ್ದರೂ ಈ ಪರೀಕ್ಷೆಗೆ ಅಡ್ಡ ಬರಲ್ಲ, ಇದು ಪ್ರೊಸೆಸರ್ ಮತ್ತು ರ‍್ಯಾಮ್‌ದು ಮಾತ್ರ.

ಗಣಿಧೂಳು

ಹೋಗುವಾಗ ಇದನ್ನೂ ನೋಡಿ. ಹಿಂದಿನ ಮುಚ್ಚಳ ತೆಗೆಸಿ. ರ‍್ಯಾಮ್ ಸ್ಲಾಟ್ ಎಷ್ಟಿದೆ ಎಣಿಸಿ. ಎನ್3710 ಇರುವ ಅಗ್ಗದ ಮಾಡೆಲ್‌ಗಳಲ್ಲಿ ಬಹಳ ಕಡೆ ಒಂದೇ ಸ್ಲಾಟ್ ನೋಡಿದ್ದೇನೆ. ಆ ಚಿಪ್‌ಗೆ 8 ಜಿಬಿಯೇ ಗರಿಷ್ಠ. 5005ಯುಗೆ ಚಿಪ್ ಮಟ್ಟಿಗೆ 16ರವರೆಗೆ ಹೋಗಬಹುದು.

ರ‍್ಯಾಮ್ ಕೊಳ್ಳುವಾಗ ಕಣ್ಣು ಬಿಟ್ಟು ನೋಡಿ. ಸ್ಟಿಕರ್ ಮೇಲೆ ಪಿಸಿ3ಎಲ್ ಅಂತ ಇರಬೇಕು. ಆ ಎಲ್ ಮುಖ್ಯ. ಎಲ್ ಇದ್ದರೆ 1.35 ವೋಲ್ಟ್, ಇಲ್ಲದಿದ್ದರೆ 1.5 ವೋಲ್ಟ್‌ನ ಹಳೇದು. ಈ ಎರಡೂ ಚಿಪ್‌ಗೆ ಬೇಕಾದದ್ದು 1.35ರದ್ದು. ವಾರಕ್ಕೊಬ್ಬರಾದರೂ ಎಲ್ ಇಲ್ಲದ್ದನ್ನು ತಂದು "ಅಣ್ಣಾ, ಹಾಕಿದೆ, ಸ್ಕ್ರೀನೇ ಬರ್ತಿಲ್ಲ" ಅಂತ ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಲೇಬೇಕು, ಯಾವ ಚಿಪ್ ಆದರೂ. ಇದರ ಬಗ್ಗೆ ಚರ್ಚೆ ಬೇಡ.

ಟರ್ಬೋ_ತಿಮ್ಮ

ಸೆಲೆರಾನ್ ಎನ್4020 ಚಿಪ್‌ನದ್ದು ಸಿಕ್ಕರೆ? ಅದು 2019ರದ್ದು, ವಿಂಡೋಸ್ 11 ಪಟ್ಟಿಯಲ್ಲೂ ಇದೆ.

ಚಿಕ್ಕಪೇಟೆ_ಚಿಪ್

ಈಗ ತಾನೇ ಪಕ್ಷ ಬಿಟ್ಟೆ ಅಂದೆಯಲ್ಲ ಗುರು! ಅದೂ ಎನ್, ಅದೂ 6 ವ್ಯಾಟ್. ಅದರಲ್ಲಿ ಎರಡೇ ಕೋರ್, ಹೈಪರ್‌ಥ್ರೆಡಿಂಗೂ ಇಲ್ಲ. ಒಂದೊಂದು ಕೋರ್ ಎನ್3710ಕ್ಕಿಂತ ಚುರುಕು ಅನ್ನೋದು ಒಪ್ಪುತ್ತೇನೆ. ಎವಿಎಕ್ಸ್ ಅದರಲ್ಲೂ ಇಲ್ಲ. ಬೇರೆ ಚರ್ಚೆ ಶುರು ಮಾಡು, ಅಲ್ಲಿ ಜಗಳ ಆಡೋಣ.

ಅಡಿಕೆ_ಹುಡುಗ

ಮೂರು ದಿನ ಆಯ್ತು, ಕ್ಷಮಿಸಿ. ಕರೆಂಟ್ ಇರಲಿಲ್ಲ, ಮರ ಬಿದ್ದು ಲೈನ್ ಹರಿದಿತ್ತು. ನಿನ್ನೆ ತಂಗಿಯನ್ನೂ ಕರೆದುಕೊಂಡು ಅಂಗಡಿಗೆ ಹೋಗಿದ್ದೆ.

ಎರಡನ್ನೂ ಅಕ್ಕಪಕ್ಕ ಇಡಿಸಿದೆ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದೆ. ತಮಾಷೆ ಅಂದರೆ ಎರಡರಲ್ಲೂ ನಾಲ್ಕು ಡಬ್ಬಿ ಗ್ರಾಫ್ ಬಂತು. ಅಂಗಡಿಯವರೇ ಮುಖ ಮುಖ ನೋಡಿದರು, "ಇದರಲ್ಲೂ ನಾಲ್ಕು ತೋರಿಸುತ್ತಿದೆಯಲ್ಲ" ಅಂತ. ಆ ನೆರಳು ಕೋರ್ ಇವೇ ಅಂತ ಗೊತ್ತಾಯಿತು.

7-ಜಿಪ್ ಓಡಿಸಿದೆ. ಒಂದು ಥ್ರೆಡ್‌ನಲ್ಲಿ ಐ3 ಒಂದೂವರೆ ಪಟ್ಟಿಗಿಂತ ಜಾಸ್ತಿ ಬಂತು. ನಾಲ್ಕು ಥ್ರೆಡ್ ಕೊಟ್ಟಾಗ ಅಂತರ ಕಮ್ಮಿಯಾಯಿತು, ಪೆಂಟಿಯಂ ಹತ್ತಿರ ಹತ್ತಿರ ಬಂತು, ಆದರೂ ಮುಂದೆ ಹೋಗಲಿಲ್ಲ. ತಿಮ್ಮಣ್ಣ ಹೇಳಿದ 2.56 ನಾಲ್ಕು ಥ್ರೆಡ್ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಲೇ ಇಲ್ಲ. ಒಂದು ಕ್ಷಣ ಅಲ್ಲಿಗೆ ಹೋಗಿ ಕೆಳಗೆ ಇಳಿಯಿತು. ಐ3 ಮಾತ್ರ 2ರ ಆಸುಪಾಸಿನಲ್ಲಿ ಕಟ್ಟಿಹಾಕಿದ ಹಸುವಿನ ಹಾಗೆ ನಿಂತಿತ್ತು. ಅದರ ಫ್ಯಾನ್ ಸದ್ದು ಮಾತ್ರ ಜೋರು.

ಇವೆಲ್ಲ ನಡೆಯುವಾಗ ತಂಗಿ ಸುಮ್ನೆ ತನ್ನ ಕಾಲೇಜಿನ ಪುಟ ಎರಡರಲ್ಲೂ ತೆರೆದು, ಮೇಲೆ ಕೆಳಗೆ ಸರಿಸಿ ನೋಡುತ್ತಿದ್ದಳು. "ಅಣ್ಣಾ, ಇದು ಬೆರಳಿನ ಹಿಂದೆಯೇ ಬರುತ್ತದೆ, ಅದು ಒಂದು ಗಳಿಗೆ ಬಿಟ್ಟು ಬರುತ್ತದೆ" ಅಂದಳು. ಅವಳಿಗೆ ಯಾವುದು ಯಾವ ಚಿಪ್ ಅಂತ ನಾನು ಹೇಳಿರಲಿಲ್ಲ. ಬೆರಳಿನ ಹಿಂದೆ ಬಂದದ್ದು ಐ3.

ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಐ3ದು ಅರ್ಧಕ್ಕಿಂತ ಕೆಳಗಿತ್ತು. ಗಣಿಧೂಳು ಅಣ್ಣ ಹೇಳಿದ ಹಾಗೆ ಅದನ್ನೇ ಹಿಡಿದು ಮಾತಾಡಿದೆ. 9,500 ಇದ್ದದ್ದು 8,300ಕ್ಕೆ ಬಂತು. ತಗೊಂಡು ಬಂದೆವು.

ಈಗ ಒಂದೇ ತೊಂದರೆ. ಹತ್ತು ನಿಮಿಷಕ್ಕೆ ಎಡಗೈ ಕಡೆ ಬಿಸಿಯಾಗುತ್ತದೆ, ಫ್ಯಾನ್ ಕೂಗುತ್ತದೆ.

ಗಣಿಧೂಳು

ಹೆದರಬೇಡಿ. ಚಿಪ್ ತಪ್ಪಲ್ಲ, ಧೂಳು. ನಮ್ಮ ಬಳ್ಳಾರಿಯಲ್ಲಿ ಇದೇ ನನಗೆ ಅನ್ನ ಹಾಕೋದು.

ಬ್ಯಾಟರಿ ಕನೆಕ್ಟರ್ ಬಿಚ್ಚಿ ಶುರು ಮಾಡಿ. ಫ್ಯಾನ್‌ನ ಮೂರೋ ನಾಲ್ಕೋ ಸ್ಕ್ರೂ ತೆಗೆದು ಎತ್ತಿ. ಫ್ಯಾನ್ ಮೇಲಿನ ಧೂಳು ಎಲ್ಲರೂ ಒರೆಸುತ್ತಾರೆ. ನಿಜವಾದ ಕಸ ಇರೋದು ಫ್ಯಾನ್ ಮತ್ತು ತಾಮ್ರದ ಜಾಲರಿ ನಡುವೆ. ಅಲ್ಲಿ ಕಂಬಳಿ ತುಂಡಿನ ಹಾಗೆ ಬೂದು ಪದರ ಕೂತಿರುತ್ತದೆ. ಚಿಮಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಪೂರ್ತಿ ಹಾಳೆಯಾಗಿ ಎದ್ದು ಬರುತ್ತದೆ. ಅದು ಬಂದಾಗ ಸಿಗೋ ಖುಷಿ ಹೇಳಕ್ಕಾಗಲ್ಲ. ಗಾಳಿ ಹೊಡೆಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಗಿರಗಿರ ತಿರುಗಿಸಬೇಡಿ, ಬೇರಿಂಗ್ ಹೋಗುತ್ತದೆ.

ಆಮೇಲೆ ಹೀಟ್‌ಸಿಂಕ್, ಚಿಪ್‌ನ ಬಿಸಿ ಎಳೆಯೋ ಲೋಹ. ಸ್ಕ್ರೂ ಪಕ್ಕ 1, 2, 3 ಅಂತ ಅಂಕಿ ಕೊರೆದಿರುತ್ತಾರೆ. ಬಿಚ್ಚುವಾಗ ಕೊನೆಯಿಂದ ಮೊದಲಿಗೆ, ಹಾಕುವಾಗ ಮೊದಲಿಂದ ಕೊನೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅದಕ್ಕೂ ಚಿಪ್‌ಗೂ ನಡುವಿನ ಹಳೇ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಉದುರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಚಿಪ್ ಮೇಲೆ ಲೋಹದ ಮುಚ್ಚಳ ಇರಲ್ಲ, ಬರೀ ಕನ್ನಡಿಯಂಥ ಸಿಲಿಕಾನ್ ತುಂಡು. ಒತ್ತಬೇಡಿ, ಮೂಲೆ ಒಡೆದರೆ ಕಥೆ ಮುಗಿಯಿತು. ಹೊಸ ಪೇಸ್ಟ್ ಅವರೆಕಾಳಿನಷ್ಟು ಬೇಡ, ಸಾಸಿವೆಗಿಂತ ಸ್ವಲ್ಪ ದೊಡ್ಡದು ಸಾಕು.

ಕೊನೆಗೆ ತಂಗಿಗೆ ಹೇಳಿ, ಹಾಸಿಗೆ ಮೇಲೆ ಇಟ್ಟು ಓದಬೇಡ ಅಂತ. ಗಾಳಿ ಎಳೆಯೋ ತೂತು ಕೆಳಗಿದೆ.

ಅಡಿಕೆ_ಹುಡುಗ

ಮಾಡಿದೆ ಅಣ್ಣಾ. ಬಂತು, ಹಾಳೆ ಹಾಗೇ ಬಂತು. ತಂಗಿ ಅದನ್ನು ಕಾಗದದಲ್ಲಿ ಇಟ್ಟು ಅಪ್ಪನಿಗೆ ತೋರಿಸಿದಳು. ಅಪ್ಪ "ಇದಕ್ಕೂ ಕೊಳೆ ರೋಗವಾ" ಅಂದರು. ಈಗ ಫ್ಯಾನ್ ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಪಿಸಿ3ಎಲ್ ರ‍್ಯಾಮ್ ಬಂದಿದೆ. ನಾಳೆ ಮಿಂಟ್.

ಜವಾರಿ_ಜಾವಾ

ಭಾಳ ಚಲೋ ಆತು. ತಂಗಿಗೆ ಮೂರನೇ ವರ್ಷ ಪ್ರಾಜೆಕ್ಟ್ ಬಂದಾಗ ಇಲ್ಲೇ ಬಂದು ಕೇಳು ಅಂತ ಹೇಳ್ರಿ.

ತೆಂಕುತಿಟ್ಟು

ಅಡಿಕೆಯವರೇ, ಒಂದು ಸಣ್ಣ ವಿಷಯ. ಆ ಎನ್3710 ಇನ್ನೂ ಅಂಗಡಿಯಲ್ಲಿ ಉಂಟಾ? ಅದಕ್ಕೆ ಫ್ಯಾನ್ ಇತ್ತಾ, ಇರಲಿಲ್ಲವಾ? ಅಜ್ಜಿಯ ತಂಗಿ ಒಬ್ಬರು ಸಿದ್ದಾಪುರದ ಹತ್ತಿರ ಇದ್ದಾರೆ. ಅವರಿಗೆ ಅಜ್ಜಿಗಿಂತ ಜಾಸ್ತಿ ಹಾಡು ಬರುತ್ತದಂತೆ.

ಅಡಿಕೆ_ಹುಡುಗ

ಇದೆ. ಫ್ಯಾನ್ ಸದ್ದು ಕೇಳಿದ ನೆನಪಿಲ್ಲ. ಸೋಮವಾರ ಪೇಟೆಗೆ ಹೋಗುತ್ತೇನೆ, ಕಿವಿ ಇಟ್ಟು ಕೇಳಿ ಬಂದು ಹೇಳುತ್ತೇನೆ.